ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮನ ಫೋನು: ಇಲ್ಲಿನ ಸಿಮ್ ತೆಗೀಬೇಡಿ

[ದೃಶ್ಯ: ಮಂಚದ ಮೇಲೆ ಬಾಯಿ ತೆರೆದ ಸೂಟ್‌ಕೇಸು. ಅಂಟಿನುಂಡೆ ಡಬ್ಬ, ಹಳೇ ಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆಗಳು, ಪಕ್ಕದಲ್ಲಿ ಒಂದು ಫೋನು.]

ನಮಸ್ಕಾರ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರನ್ನ ನೋಡಿ. ಅಂಟಿನುಂಡೆ, ಮೆಣಸಿನಪುಡಿ, ಮಗೂಗೆ ಬಟ್ಟೆ, ಎಲ್ಲ ತಿಂಗಳ ಮುಂಚೆಯೇ ತಯಾರು. ಫೋನಿನ ವಿಷಯ ಬಂದ್ರೆ ಮಾತ್ರ, "ಅಲ್ಲಿ ಮಗಳು ಒಂದು ಸಿಮ್ ಕೊಡಿಸ್ತಾಳೆ ಬಿಡು" ಅಂತ ಮುಗಿದುಹೋಗುತ್ತೆ.

ನಮ್ಮನೇಲೂ ಹಾಗೇ ಆಯ್ತು. ಅಮ್ಮ ಡಲ್ಲಾಸ್‌ಗೆ ಹೊರಟಾಗ ನಾನೇ 84 ದಿನದ ರೀಚಾರ್ಜ್ ಮಾಡಿಸಿ ಕಳಿಸಿದೆ. ಅಮ್ಮ ಅಲ್ಲಿದ್ದದ್ದು ಹತ್ತತ್ತಿರ ಆರು ತಿಂಗಳು. ಹೋದ ದಿನವೇ ಅಕ್ಕ ಇಲ್ಲಿನ ಸಿಮ್ ತೆಗೆದು, ಕಾಗದದಲ್ಲಿ ಸುತ್ತಿ, ಅಮ್ಮನ ಪರ್ಸಿಗೆ ಹಾಕಿದಳು. ಕೊನೆ ತಿಂಗಳಲ್ಲಿ ಎಫ್‌ಡಿ ಕೆಲಸಕ್ಕೆ ಬ್ಯಾಂಕಿನ ಆಪ್ ಓಟಿಪಿ ಕೇಳ್ತು. ಆ ಸಿಮ್ ಹುಡುಕಿ ಹಾಕಿದ್ರೆ ಜೀವವೇ ಇಲ್ಲ. ನಂಬರ್ ರದ್ದಾಗಿತ್ತು. ಆಧಾರ್, ಪಿಂಚಣಿ ಖಾತೆ, ಗ್ಯಾಸ್ ಎಲ್ಲಕ್ಕೂ ಕೊಟ್ಟಿದ್ದು ಅದೇ ನಂಬರು. ವಾಪಸ್ ಬಂದ ಮೇಲೆ ಅಮ್ಮ ಒಂದೊಂದು ಕಚೇರೀಲೂ ಚೀಟಿ ಹಿಡ್ಕೊಂಡು ಕೂತಿದ್ದು ನೆನೆಸ್ಕೊಂಡ್ರೆ ಈಗಲೂ ಬೇಜಾರಾಗುತ್ತೆ. ಬೇರೆ ಯಾರ ಅಮ್ಮನಿಗೂ ಹೀಗಾಗಬಾರದು ಅಂತಲೇ ಈ ವಿಡಿಯೋ.

ಪ್ರೀಪೇಯ್ಡ್ ಸಿಮ್ 90 ದಿನ ಯಾವ ಬಳಕೆಯೂ ಇಲ್ಲದೆ ಬಿದ್ದಿದ್ರೆ ಕಂಪನಿ ಅದನ್ನ ನಿಲ್ಲಿಸಬಹುದು. ರದ್ದಾದ ನಂಬರನ್ನ ಕನಿಷ್ಠ 90 ದಿನ ಬೇರೆಯವರಿಗೆ ಕೊಡೋ ಹಾಗಿಲ್ಲ. ಆದ್ರೆ ಆ ಗಡುವು ಮುಗಿದ ಮೇಲೆ ನಿಮ್ಮ ನಂಬರು ಇನ್ಯಾರದೋ ಕೈಗೆ ಹೋಗಬಹುದು. ಬ್ಯಾಂಕಿನ ಓಟಿಪಿ ಅವರಿಗೆ ಹೋಗುತ್ತೆ ಅನ್ನೋದನ್ನ ಒಂದು ಸಲ ಯೋಚನೆ ಮಾಡಿ. ಹಾಗಾಗಿ ಎಷ್ಟು ತಿಂಗಳು ಇರ್ತಾರೋ ಅಷ್ಟೂ ದಿನಕ್ಕೆ ರೀಚಾರ್ಜ್ ಇರಲಿ. ನಡುವೆ ಮುಗಿದ್ರೆ ಇಲ್ಲಿಂದ ನೀವೇ ಮಾಡಿಸಿ, ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಹಾಕಿಡಿ.

[ದೃಶ್ಯ: ಕೈಯಲ್ಲಿ ಫೋನು. ಸೆಟ್ಟಿಂಗ್ಸ್ ತೆರೆಯುತ್ತದೆ.]

ಇನ್ನು ಎಲ್ಲರ ಭಯ: "ಇಲ್ಲಿನ ಸಿಮ್ ಅಲ್ಲಿ ಹಾಕಿದ್ರೆ ಸಾವಿರಾರು ರೂಪಾಯಿ ಬಿಲ್ ಬರುತ್ತಂತೆ." ಬರುತ್ತೆ, ಆದ್ರೆ ಅದರ ಬೇರು ಎಲ್ಲಿದೆ ನೋಡಿ. ಡಲ್ಲಾಸ್‌ನಲ್ಲಿ ಫೋನ್ ಆನ್ ಮಾಡಿದಾಗ ಅಲ್ಲಿನ ನೆಟ್‌ವರ್ಕ್ ಇಲ್ಲಿನ ಕಂಪನಿಯನ್ನ "ಇವರು ನಿಮ್ಮ ಗ್ರಾಹಕರಾ?" ಅಂತ ಕೇಳುತ್ತೆ. ಹೌದು ಅಂದ್ರೆ ಒಳಗೆ ಬಿಡುತ್ತೆ. ಅದೇ ರೋಮಿಂಗ್. ಬರೀ ಸಿಗ್ನಲ್ ಹಿಡಿದು ಕೂತಿದ್ದಕ್ಕೆ ದುಡ್ಡಿಲ್ಲ. ಒಳಗೆ ಬರೋ ಎಸ್‌ಎಂಎಸ್‌ಗೂ ಸಾಮಾನ್ಯವಾಗಿ ದುಡ್ಡಿಲ್ಲ. ಓಟಿಪಿ ಬರೋದು ಎಸ್‌ಎಂಎಸ್‌ನಲ್ಲೇ ಅಲ್ವಾ! ಬಿಲ್ ಏರಿಸೋದು ಡೇಟಾ. ನೀವು ಫೋನ್ ಮುಟ್ಟದೇ ಇದ್ರೂ ಫೋಟೋ ಬ್ಯಾಕಪ್, ಆಪ್ ಅಪ್‌ಡೇಟ್ ಹಿಂದಿನಿಂದ ನಡೀತಾನೇ ಇರುತ್ತೆ.

ಇಲ್ಲಿ ನೋಡಿ. ಸೆಟ್ಟಿಂಗ್ಸ್, ಮೊಬೈಲ್ ನೆಟ್‌ವರ್ಕ್, ಸಿಮ್ ಒಂದು. ಕೆಳಗೆ ಡೇಟಾ ರೋಮಿಂಗ್ ಅಂತ ಇದೆ. ಆಫ್. ಇದೇ ಸಾಲಿನ ಆಸುಪಾಸು ಡೇಟಾಗೆ ಯಾವ ಸಿಮ್ ಅಂತ ಇರುತ್ತೆ. ಅಲ್ಲಿಗೆ ಹೋದ ಮೇಲೆ ಅದನ್ನ ಅಮೆರಿಕದ ಸಿಮ್‌ಗೆ ಹಾಕಿ. ಬೆಂಗಳೂರಲ್ಲಿ ವಿಮಾನ ಹತ್ತೋ ಮುಂಚೆಯೇ ಡೇಟಾ ರೋಮಿಂಗ್ ಆಫ್ ಆಗಿರಲಿ.

ಒಂದು ಮಾತು ಮರೀಬೇಡಿ. ಇಂಟರ್‌ನ್ಯಾಷನಲ್ ರೋಮಿಂಗ್ ಸೌಲಭ್ಯ ಆನ್ ಆಗಿದ್ರೆ ಮಾತ್ರ ಅಲ್ಲಿ ಎಸ್‌ಎಂಎಸ್ ಬರೋದು. ಡೇಟಾ ರೋಮಿಂಗ್ ಬೇರೆ, ಇದು ಬೇರೆ. ಕಂಪನಿಯ ಆಪ್‌ನಲ್ಲೋ ಕಸ್ಟಮರ್ ಕೇರ್‌ನಲ್ಲೋ ಹೊರಡೋ ಮೊದಲೇ ಕೇಳಿ ಮಾಡಿಸಿ. ಅಲ್ಲಿ ಹೋಗಿ ಮಾಡಿಸ್ತೀನಿ ಅಂದ್ರೆ ಆಪ್ ಓಟಿಪಿ ಕೇಳುತ್ತೆ, ಆ ಓಟಿಪಿ ಬರಬೇಕಾದ ಸಿಮ್‌ಗೆ ಸಿಗ್ನಲ್ಲೇ ಇರಲ್ಲ.

ಕರೆ ಬಂದ್ರೆ? ಎತ್ತಿದ್ರೆ ಚಾರ್ಜು. ಇಲ್ಲಿ ಮಧ್ಯಾಹ್ನ 12 ಗಂಟೆಗೆ ಸಿಲಿಂಡರ್ ತಂದ ಹುಡುಗ ಫೋನ್ ಮಾಡ್ತಾನೆ. ಬೇಸಿಗೆಯಲ್ಲಾದ್ರೆ ಡಲ್ಲಾಸ್‌ನಲ್ಲಿ ಆಗ ರಾತ್ರಿ ಒಂದೂವರೆ. ಆಗಷ್ಟೇ ಮಲಗಿದ ಮಗು ಎದ್ದುಬಿಡುತ್ತೆ. ಗ್ಯಾಸ್, ಪೇಪರ್, ಹಾಲಿನವರಿಗೆಲ್ಲ ಇಲ್ಲಿರೋರ ನಂಬರ್ ಕೊಟ್ಟು ಹೋಗಿ. ಇಲ್ಲಿನ ಸಿಮ್‌ನ ರಿಂಗು ಸೈಲೆಂಟ್ ಇರಲಿ. ಮಾತಾಡೋದೆಲ್ಲ ವೈಫೈ, ವಾಟ್ಸಾಪ್‌ನಲ್ಲಿ. ವಾಟ್ಸಾಪ್ ಹಳೇ ನಂಬರಿನಲ್ಲೇ ಇರಲಿ, ಹೊಸ ನಂಬರಿಗೆ ಬದಲಾಯಿಸೋಕೆ ಹೋಗಬೇಡಿ. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಕೂಡ, ಇಂಥ ಆಪ್‌ಗಳು ಫೋನಿನಲ್ಲಿರೋ ಸಿಮ್‌ಗೇ ಜೋಡಿಕೊಂಡಿರಬೇಕು ಅಂತ ಸೂಚನೆ ಕೊಟ್ಟಿದೆ. ಸಿಮ್ ತೆಗೀಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣ.

[ದೃಶ್ಯ: ಎರಡು ಫೋನುಗಳ ಅಂಚು ಹತ್ತಿರದಿಂದ. ಒಂದರಲ್ಲಿ ಸಿಮ್ ಹಾಕೋ ಜಾಗ ಇದೆ, ಇನ್ನೊಂದರಲ್ಲಿ ಇಲ್ಲ.]

ಈ ಅಂಚು ನೋಡಿ, ಪಿನ್ ಚುಚ್ಚೋಕೆ ತೂತೇ ಇಲ್ಲ. 2022ರಲ್ಲಿ ಬಂದ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರೋ ಐಫೋನ್‌ಗಳಿಗೆ ಸಿಮ್ ಟ್ರೇ ಇಲ್ಲ, ಇ-ಸಿಮ್ ಮಾತ್ರ, ಅಂದ್ರೆ ಕೈಯಲ್ಲಿ ಹಿಡಿಯೋ ಚಿಪ್ ಇಲ್ಲದೆ ಫೋನಿನೊಳಗೇ ಸೇರಿಸೋ ಸಿಮ್. ಮಗಳು ಪ್ರೀತಿಯಿಂದ ಹೊಸ ಫೋನ್ ಕೊಡಿಸ್ತಾಳೆ, ಅಮ್ಮನ ಸಿಮ್ ಅದಕ್ಕೆ ಹೋಗಲ್ಲ. ಬ್ಯಾಂಕಿನ ಆಪ್, ಯುಪಿಐ ಎಲ್ಲ ಹೊಸ ಫೋನಲ್ಲಿ ಮತ್ತೆ ನೋಂದಾಯಿಸಬೇಕು, ಅದಕ್ಕೆ ಆ ಫೋನಿನಿಂದಲೇ, ಅದೇ ನಂಬರಿನಿಂದ ಎಸ್‌ಎಂಎಸ್ ಹೋಗಬೇಕು. ಫೋನ್ ಕೊಡಿಸೋ ಯೋಚನೆ ಇದ್ರೆ ಅಮ್ಮನ ಸಿಮ್ಮನ್ನ ಇಲ್ಲೇ ಇ-ಸಿಮ್‌ಗೆ ಬದಲಾಯಿಸಿಕೊಳ್ಳಿ, ಈಗಿನ ಫೋನ್ ಅದಕ್ಕೆ ಹೊಂದುತ್ತಾ ನೋಡ್ಕೊಂಡು. ಇಲ್ಲಾಂದ್ರೆ ಹಳೇ ಫೋನನ್ನೇ ಓಟಿಪಿಗೆ ಅಂತ ಇಟ್ಕೊಳ್ಳಿ. ಇನ್ನು ಅಪ್ಪನ ಹಳೇ ಕೀಪ್ಯಾಡ್ ಫೋನ್ ಇಲ್ಲೇ ಇರಲಿ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿದವು. ಅಲ್ಲಿ ಕರೆ ಹೋಗೋಕೆ ವೋಲ್ಟೇ, ಅಂದ್ರೆ 4ಜಿಯಲ್ಲೇ ಕರೆ ಮಾಡೋ ಸೌಲಭ್ಯ, ಇರೋ ಫೋನೇ ಬೇಕು.

ದಾರಿಯಲ್ಲಿ ದುಬೈನಲ್ಲಿ ವಿಮಾನ ಬದಲಾಯಿಸೋರು ಕೇಳಿಸ್ಕೊಳ್ಳಿ. ಅಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ಕರೆ ಹೋಗಲ್ಲ. ಏನೋ ಆಗಿದೆ ಅಂತ ಗಾಬರಿ ಬೀಳಬೇಡಿ, ಒಂದು ವಾಯ್ಸ್ ಮೆಸೇಜ್ ಕಳಿಸಿ. ಯುರೋಪ್ ಕಡೆ ಮಕ್ಕಳಿರೋರಿಗೆ ಇನ್ನೊಂದು. ಜರ್ಮನಿಯಲ್ಲಿ ತಗೊಂಡ ಸಿಮ್, 2017ರ ಜೂನ್ 15ರಿಂದ ಇರೋ ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ, ಫ್ರಾನ್ಸ್, ಇಟಲಿಯಲ್ಲೂ ಅದೇ ದರದಲ್ಲಿ ನಡೆಯುತ್ತೆ. ಸ್ವಿಟ್ಜರ್ಲೆಂಡ್ ಆ ನಿಯಮದೊಳಗಿಲ್ಲ. ಹಿಮ ನೋಡೋಕೆ ಎರಡು ದಿನ ಅಂತ ಹೋಗೋ ಮೊದಲು ಪ್ಯಾಕ್‌ನಲ್ಲಿ ಆ ದೇಶದ ಹೆಸರಿದೆಯಾ ನೋಡಿ, ಇಲ್ಲಾಂದ್ರೆ ರೈಲು ಗಡಿ ದಾಟೋ ಮುಂಚೆ ಡೇಟಾ ರೋಮಿಂಗ್ ಆಫ್ ಮಾಡಿ.

ಫೋನಲ್ಲಿರೋ ನಂಬರುಗಳನ್ನ ಇವತ್ತೇ +91 ಸೇರಿಸಿ ಉಳಿಸಿ. ಸೊನ್ನೆ ಒತ್ತಿ ಹಿಡಿದ್ರೆ ಪ್ಲಸ್ ಬರುತ್ತೆ. ಆಗ ಯಾವ ದೇಶದಿಂದ ಒತ್ತಿದ್ರೂ ಊರಿಗೆ ಸೇರುತ್ತೆ.

[ದೃಶ್ಯ: ಪಾಸ್‌ಪೋರ್ಟು. ಒಳಗೆ ಮಡಚಿದ ಒಂದು ಚೀಟಿ.]

ಆಮೇಲೆ ಒಂದು ಚೀಟಿ. ಅಮೆರಿಕದಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲಿನಲ್ಲಿ ಫೋನ್ ಬಳಸೋ ಹಾಗಿಲ್ಲ. ಅಧಿಕಾರಿ "ಎಲ್ಲಿ ಇರ್ತೀರಿ?" ಅಂತ ಕೇಳೋದು ಅಲ್ಲೇ. ಮಗಳ ಮನೆ ವಿಳಾಸ, ಅವಳ ನಂಬರು, ಅಳಿಯನ ನಂಬರು ದಪ್ಪ ಅಕ್ಷರದಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಡಿ. ಚೀಟಿ ಇಂಗ್ಲಿಷಿನಲ್ಲಿರಲಿ, ಕೆಳಗೆ ಅಮ್ಮನಿಗೆ ಓದೋಕೆ ಕನ್ನಡದಲ್ಲೂ ಬರೆದಿರಲಿ.