ಅಂಗಡಿಯ ವೆಬ್‌ಸೈಟ್ ಯಾರಿಗಾಗಿ?

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನದು. ಹೊಸದಾಗಿ ಬರುವವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಸರ, ಎಲ್ಲಾರದೂ ಐತಿ, ನಮ್ದೂ ಒಂದು ಮಾಡಿ ಬಿಡ್ರಿ. ಒಂಚೂರು ಝಗಮಗ ಇರ್ಲಿ." ನಾನು ತಿರುಗಿ ಕೇಳುತ್ತೇನೆ: "ನಿಮ್ಮ ಅಂಗಡಿಗೆ ದಿನಾ ಫೋನ್ ಬರ್ತಾವಲ್ರಿ, ಅವರು ಏನು ಕೇಳ್ತಾರ?" ಆಗ ಒಂದೊಂದೇ ಹೊರಗೆ ಬರುತ್ತದೆ. ರೇಟ್ ಎಷ್ಟು, ಭಾನುವಾರ ತೆಗೆದಿರುತ್ತದಾ, ಪುಣೆಗೆ ಕಳಿಸುತ್ತೀರಾ, ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ. ಈ ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಅರ್ಧ ಕೆಲಸ ಆದಂತೆ. ಉತ್ತರಗಳನ್ನು ಮೊದಲ ಪುಟದಲ್ಲಿ ಇಡುವುದಷ್ಟೇ ಬಾಕಿ.

ಆದರೆ ಆಗುವುದು ಬೇರೆ. ವೆಬ್‌ಸೈಟ್ ತೆರೆದರೆ ಮೊದಲು ತಾನಾಗಿಯೇ ಸರಿಯುವ ದೊಡ್ಡ ದೊಡ್ಡ ಚಿತ್ರಗಳು. ಆಮೇಲೆ "ನಮ್ಮ ಧ್ಯೇಯ, ನಮ್ಮ ಗುರಿ". ಅದರ ಕೆಳಗೆ ಸಂಸ್ಥಾಪಕರ ಫೋಟೋ, ಮಾಲೆ ಸಮೇತ. ಫೋನ್ ನಂಬರ್ ಕಟ್ಟಕಡೆಗೆ, ಇರುವೆ ಗಾತ್ರದ ಅಕ್ಷರದಲ್ಲಿ. ಹಿರಿಯರ ಮೇಲಿನ ಗೌರವಕ್ಕೆ ನನ್ನ ತಕರಾರಿಲ್ಲ. ಅವರ ಕಥೆಗೆ ಒಳಗೆ ಒಂದು ಪುಟ ಕೊಡಿ, ಚೆನ್ನಾಗಿ ಬರೆಯಿರಿ, ಓದುವವರು ಓದುತ್ತಾರೆ. ಆದರೆ ಹೊಸ ಗಿರಾಕಿ ಅದಕ್ಕೋಸ್ಕರ ಬಂದಿರುವುದಿಲ್ಲ ಅಲ್ವಾ?

ಬ್ಯಾಡಗಿ ಮೆಣಸಿನಕಾಯಿ ಮಾರುವವರದ್ದೇ ಉದಾಹರಣೆ ನೋಡೋಣ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಎಂಬ ಅಧಿಕೃತ ಗುರುತು ಸಿಕ್ಕಿದೆ. ಖಾರಕ್ಕಿಂತ ಬಣ್ಣಕ್ಕೆ ಅದರ ಹೆಸರು. ಇದು ನಮಗೆ ಗೊತ್ತು. ದೂರದ ಊರಿನಲ್ಲಿ ಕೂತು ಹುಡುಕುವವರಿಗೆ ಗೊತ್ತಿಲ್ಲ. ಅವರಿಗೆ ಅದರ ತಳಿಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಫೋಟೋ ಸಹಿತ ಹೇಳಬೇಕು. ಎಷ್ಟು ಕೆ.ಜಿ. ಮೇಲೆ ಕಳಿಸುತ್ತೀರಿ, ಕೊರಿಯರ್ ಖರ್ಚು ಯಾರದು, ತೊಟ್ಟು ತೆಗೆದದ್ದೋ ಇಲ್ಲವೋ, ಅದನ್ನು ಹೇಳಬೇಕು. "ರೇಟ್ ದಿನಾ ಬದಲಾಗ್ತೈತಿ, ಹೆಂಗ ಹಾಕೋದ್ರಿ?" ಎನ್ನುತ್ತಾರೆ. ಬದಲಾಗಲಿ. ಇಂತಿಂಥ ತಾರೀಖಿನ ದರ ಎಂದು ತಾರೀಖು ಸಮೇತ ಹಾಕಿ, ಇವತ್ತಿನ ದರಕ್ಕೆ ಫೋನ್ ಮಾಡಿ ಎಂದು ಕೆಳಗೆ ಬರೆಯಿರಿ. ಅಂದಾಜು ಸಿಕ್ಕರೆ ಸಾಕು, ಜನ ಫೋನ್ ಮಾಡುತ್ತಾರೆ. ಏನೂ ಸಿಗದಿದ್ದರೆ ಮುಂದಿನ ಅಂಗಡಿ ಹುಡುಕುತ್ತಾರೆ.

ಒಂದು ಮಾತು. ಎಲ್ಲರಿಗೂ ವೆಬ್‌ಸೈಟ್ ಬೇಕೇ ಬೇಕು ಅಂತ ನಾನು ಹೇಳುವುದಿಲ್ಲ, ನನ್ನ ಹೊಟ್ಟೆಪಾಡೇ ಅದಾದರೂ. ಜೋಳದ ರೊಟ್ಟಿ ಖಾನಾವಳಿ ನಡೆಸುವವರಿಗೆ ಗೂಗಲ್ ಮ್ಯಾಪ್‌ನಲ್ಲಿ ಹೆಸರು, ಸಮಯ, ಫೋನ್ ನಂಬರ್, ನಾಲ್ಕು ಒಳ್ಳೆ ಫೋಟೋ ಇದ್ದರೆ ಸಾಕು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೆ ನವಲಗುಂದದ ಜಮಖಾನ ನೇಯುವವರು, ಗದಗ-ಬೆಟಗೇರಿಯ ಸೀರೆ ನೇಯುವವರು, ಇವರ ಮಾತು ಬೇರೆ. ಇವರ ಗಿರಾಕಿ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರಬಹುದು. ಒಂದು ಜಮಖಾನ ನೇಯಲು ಯಾಕೆ ಅಷ್ಟು ದಿನ ಹಿಡಿಯುತ್ತದೆ, ಬೆಲೆ ಯಾಕೆ ಜಾಸ್ತಿ ಎಂದು ಮ್ಯಾಪ್‌ನಲ್ಲಿ ವಿವರಿಸಲು ಆಗುವುದಿಲ್ಲ. ಅವರಿಗೆ ಸ್ವಂತ ಜಾಗ ಬೇಕು.

ಇನ್ನು ನೋಡುವವರ ಕೈಯಲ್ಲಿ ಏನಿರುತ್ತದೆ? ಫೋನ್. ನಮ್ಮ ಆಫೀಸಿನ ದೊಡ್ಡ ಪರದೆಯ ಮೇಲೆ ಎಲ್ಲವೂ ಚೆಂದ ಕಾಣುತ್ತದೆ. ಆದರೆ ಗದಗದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ, ನೆಟ್‌ವರ್ಕ್ ಬಂದು ಹೋಗಿ ಮಾಡುವಾಗ ನೋಡಬೇಕು. ಪುಟ ನಿಧಾನವಾಗಲು ಬಹಳ ಸಲ ಫೋಟೋಗಳೇ ಕಾರಣ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಸುಲಭವಾಗಿ ಮೂರು ನಾಲ್ಕು ಎಂಬಿ ಇರುತ್ತದೆ. ಹತ್ತು ಫೋಟೋ ಹಾಗೆಯೇ ಏರಿಸಿದರೆ ಮೂವತ್ತು ನಲವತ್ತು ಎಂಬಿ ಆಯಿತು. ಪೇಡೆ ಫೋಟೋ ನೋಡಲು ಯಾರು ಅಷ್ಟು ಡೇಟಾ ಸುಡುತ್ತಾರೆ? ಸ್ಕ್ವೂಶ್ ಎಂಬ ಉಚಿತ ಸಾಧನ ಇದೆ, ಗೂಗಲ್‌ನವರೇ ಮಾಡಿದ್ದು, ಬ್ರೌಸರ್‌ನಲ್ಲೇ ನಡೆಯುತ್ತದೆ. ಅದರಲ್ಲಿ ಫೋಟೋದ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ರೂಪದಲ್ಲಿ ಉಳಿಸಿ. ಸಾಮಾನ್ಯವಾಗಿ 200 ಕೆಬಿ ಒಳಗೆ ಬರುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬಲ್ಲಿ ನಿಮ್ಮ ವಿಳಾಸ ಹಾಕಿದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅದೇ ಹೇಳುತ್ತದೆ.

ಈಗ ಕನ್ನಡದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಎಡವಟ್ಟು ಆಗುವುದೇ ಇಲ್ಲಿ.

ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ. ಲಗ್ನಪತ್ರಿಕೆಯಿಂದ ಪುಸ್ತಕದವರೆಗೆ ಅಲ್ಲಿ ಅಚ್ಚಾಗುತ್ತದೆ. ಹೀಗಾಗಿ ನಮ್ಮ ಸಂಘ, ಶಾಲೆ, ಸಹಕಾರಿ ಸೊಸೈಟಿಗಳ ಬರಹಗಳೆಲ್ಲ ಮೊದಲು ಪ್ರೆಸ್ಸಿಗಾಗಿ ಟೈಪ್ ಆಗಿರುತ್ತವೆ. ಅದು ಹಳೆಯ ನುಡಿ ಫಾಂಟಿನಲ್ಲೋ, ಶ್ರೀಲಿಪಿಯಲ್ಲೋ ಇರುತ್ತದೆ. ಅದನ್ನೇ ಕಾಪಿ ಮಾಡಿ ವೆಬ್‌ಸೈಟಿಗೆ ಅಂಟಿಸಿದರೆ ಏನಾಗುತ್ತದೆ? ಕನ್ನಡದ ಬದಲು ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಮಾತ್ರ ಕನ್ನಡ. ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಎಲ್ಲ ಭಾಷೆಗಳಿಗೂ ಒಂದೇ ಆದ ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಕೇತ ಇದೆ, 1991ರ ಮೊದಲ ಆವೃತ್ತಿಯಿಂದಲೂ ಇದೆ. ಯೂನಿಕೋಡ್‌ನಲ್ಲಿ ಬರೆದದ್ದು ಯಾವ ಫೋನಿನಲ್ಲಾದರೂ ಕನ್ನಡವಾಗಿಯೇ ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತದೆ.

ಈ ತಲೆನೋವು ತಪ್ಪಿಸಲು ಕೆಲವರು ಒಂದು ಉಪಾಯ ಮಾಡುತ್ತಾರೆ. ಇಡೀ ಬರಹವನ್ನು ಜೆಪೆಗ್ ಚಿತ್ರ ಮಾಡಿ ಹಾಕಿಬಿಡುತ್ತಾರೆ. ಕಣ್ಣಿಗೆ ಸರಿಯಾಗಿ ಕಾಣುತ್ತದೆ ನಿಜ. ಆದರೆ ಸರ್ಚ್ ಎಂಜಿನ್ ಅದನ್ನು ಚಿತ್ರ ಎಂದೇ ನೋಡುತ್ತದೆ. ಫೋನ್ ನಂಬರ್ ಒತ್ತಿದರೆ ಕಾಲ್ ಹೋಗುವುದಿಲ್ಲ. ಸಣ್ಣ ಪರದೆಯಲ್ಲಿ ಅಕ್ಷರ ಮಸುಕಾಗುತ್ತದೆ. ಕಣ್ಣು ಕಾಣದವರು ಪರದೆಯಲ್ಲಿರುವುದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಹಾಕಿಕೊಂಡು ಕೇಳುತ್ತಾರಲ್ಲ, ಅವರಿಗೆ "ಚಿತ್ರ" ಎಂದಷ್ಟೇ ಕೇಳಿ ಸುಮ್ಮನಾಗಬಹುದು. ಸರ್ಕಾರಿ ಜಾಹೀರಾತು ಕೂಡ ಹೀಗೆ ಬರುತ್ತವೆ ಎಂದು ಸಮಾಧಾನ ಹೇಳಿಕೊಳ್ಳಬೇಡಿ.

ಹಳೆಯ ಬರಹವನ್ನು ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಆದರೆ ತಿರುಗಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು. ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ. ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ ಅಭ್ಯಾಸ ಇರುವವರು ನಿಮ್ಮ ಪರಿಚಯದಲ್ಲಿದ್ದರೆ ಅವರಿಗೇ ಕೊಡಿ. ನಮ್ಮ ಹುಡುಗರಿಗಿಂತ ಅವರ ಕಣ್ಣು ಚುರುಕು.

ಅಕ್ಷರದ ಜೋಡಣೆಯೂ ಮುಖ್ಯ. ಬಹಳಷ್ಟು ವಿನ್ಯಾಸಗಳನ್ನು ಇಂಗ್ಲಿಷ್ ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ. ಅದೇ ಅಳತೆಗೆ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6 ರಿಂದ 1.8 ಪಟ್ಟು ಇಡಲು ನಿಮ್ಮ ಡೆವಲಪರ್‌ಗೆ ಹೇಳಿ. ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಒಂದೆರಡು ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ನೋಟೋ ಸಾನ್ಸ್ ಕನ್ನಡ ಎಂಬ ಫಾಂಟ್ ಉಚಿತ, ನೋಡಲೂ ನೀಟಾಗಿದೆ. ಪುಟದ ಕೋಡ್‌ನಲ್ಲಿ ಭಾಷೆ ಕನ್ನಡ ಎಂದು ಗುರುತು ಹಾಕಬೇಕು. ಅದು ಹಾಕಿದರೆ ಓದಿ ಹೇಳುವ ತಂತ್ರಾಂಶ ಕನ್ನಡದ ದನಿಯನ್ನು ಆರಿಸಿಕೊಳ್ಳುತ್ತದೆ. ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳದಿ ಮೇಲೆ ಬಿಳಿ ಅಕ್ಷರ ಮಾತ್ರ ದಯವಿಟ್ಟು ಬೇಡ.

ಜನ ಹುಡುಕುವ ರೀತಿಯನ್ನೂ ಗಮನಿಸಬೇಕು. 2014ರ ನವೆಂಬರ್ 1ರಿಂದ ನಮ್ಮೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಅಧಿಕೃತವಾಗಿ ಬದಲಾಯಿತು. ಆದರೆ ಹೊರಗಿನ ಎಷ್ಟೋ ಜನ ಇನ್ನೂ ಹಳೆಯ ಐದಕ್ಷರದ ಸ್ಪೆಲ್ಲಿಂಗನ್ನೇ ಟೈಪ್ ಮಾಡುತ್ತಾರೆ. ವಿಳಾಸದ ಪುಟದಲ್ಲಿ ಹೊಸದೂ ಇರಲಿ, ಹಳೆಯದೂ ಒಂದು ಕಡೆ ಇರಲಿ, ಕನ್ನಡದಲ್ಲಿ ಹುಬ್ಬಳ್ಳಿ ಎಂದಂತೂ ಇರಲೇಬೇಕು. ಹಾಗಂತ ಪುಟದ ಕೆಳಗೆ ಒಂದೇ ಪದವನ್ನು ಐವತ್ತು ಸಲ ತುರುಕುವವರಿದ್ದಾರೆ. ಆ ಆಟ ಈಗ ನಡೆಯುವುದಿಲ್ಲ, ಗೂಗಲ್ ಅದನ್ನು ಸ್ಪ್ಯಾಮ್ ಎಂದು ಹಿಂದಕ್ಕೆ ತಳ್ಳುತ್ತದೆ. ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯ ಇದೆ. ಜನ ಯಾವ ಪದ ಹಾಕಿ ನಿಮ್ಮಲ್ಲಿಗೆ ಬಂದರು ಎಂದು ಅದು ತೋರಿಸುತ್ತದೆ. ತಿಂಗಳಿಗೊಮ್ಮೆ ನೋಡಿ, ಮಜಾ ಇರುತ್ತದೆ. ನೀವು "ಉತ್ಕೃಷ್ಟ ಗುಣಮಟ್ಟದ ಸಿಹಿತಿನಿಸು" ಎಂದು ಬರೆದಿರುತ್ತೀರಿ, ಅವರು "ಪೇಡೆ ಎಷ್ಟು ದಿನ ಇರುತ್ತೆ" ಎಂದು ಹುಡುಕಿರುತ್ತಾರೆ. ಅದೇ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದು, ಕೆಳಗೆ ಉತ್ತರ ಕೊಡಿ.

ಈಗ ಎಲ್ಲ ಕಡೆ ಕಾಣುವ ಒಂದು ವಿಚಿತ್ರ ಹೇಳುತ್ತೇನೆ. ಹಣ ಕಟ್ಟಲು ವೆಬ್‌ಸೈಟಿನಲ್ಲಿ ದೊಡ್ಡದಾಗಿ ಕ್ಯೂಆರ್ ಕೋಡ್ ಹಾಕಿರುತ್ತಾರೆ. ಅಂಗಡಿ ಗೋಡೆಯ ಮೇಲೆ ಅದು ಸರಿ. ಆದರೆ ವೆಬ್‌ಸೈಟ್ ತೆರೆದಿರುವುದೇ ಫೋನಿನಲ್ಲಿ. ಅದೇ ಫೋನಿನಿಂದ ಅದರ ಪರದೆಯನ್ನೇ ಹೇಗೆ ಸ್ಕ್ಯಾನ್ ಮಾಡುವುದು? ಸ್ಕ್ರೀನ್‌ಶಾಟ್ ತೆಗೆಯುವ ಉಪಾಯ ಗೊತ್ತಿದ್ದವರು ದಾಟುತ್ತಾರೆ, ಉಳಿದವರು ಬಿಟ್ಟು ಹೋಗುತ್ತಾರೆ. ಯುಪಿಐ ಐಡಿಯನ್ನು ಕಾಪಿ ಮಾಡಲು ಬರುವಂತೆ ಅಕ್ಷರದಲ್ಲೂ ಕೊಡಿ. ಫೋನ್ ನಂಬರ್ ಒತ್ತಿದರೆ ಕಾಲ್ ಹೋಗಬೇಕು, ವಾಟ್ಸಾಪ್ ಗುರುತು ಒತ್ತಿದರೆ ನಿಮ್ಮ ಚಾಟ್ ತೆರೆಯಬೇಕು. ಉದ್ದ ಫಾರ್ಮ್ ಬೇಡ. ಅದರ ಇಮೇಲ್ ಯಾರ ಕಣ್ಣಿಗೂ ಬೀಳದೆ ಉಳಿದಿರುತ್ತದೆ. ಕೋರ್ಸಿನ ಮಾಹಿತಿ ಕೇಳಿದವರ ಹತ್ತಿರ ಆಧಾರ್ ನಂಬರ್ ಕೇಳುವ ಫಾರ್ಮ್‌ಗಳೂ ಇವೆ. ಬೇಡದ ಮಾಹಿತಿ ತೆಗೆದುಕೊಂಡರೆ ಅದನ್ನು ಕಾಪಾಡುವ ಭಾರವೂ ನಿಮ್ಮದೇ.

ಎಲ್ಲ ಆದ ಮೇಲೆ ಪರೀಕ್ಷೆ ಮಾಡಿ. ಜಾಕೋಬ್ ನೀಲ್ಸನ್ ಎಂಬ ತಜ್ಞರು 2000ದಲ್ಲೇ ಬರೆದಿದ್ದರು, ಐದು ಜನರ ಮುಂದೆ ಇಟ್ಟು ನೋಡಿದರೆ ಬಹುಪಾಲು ತೊಡಕು ಹೊರಬರುತ್ತದೆ ಎಂದು. ನಿಮ್ಮ ಅಂಗಡಿಯ ಬಗ್ಗೆ ಏನೂ ಗೊತ್ತಿಲ್ಲದ ಐದು ಜನ ಸಾಕು. ಪಕ್ಕದ ಮನೆಯ ಅಜ್ಜಾರು ಇರಲಿ, ಕಾಲೇಜು ಹುಡುಗಿ ಇರಲಿ. ಅವರವರ ಫೋನಿನಲ್ಲೇ ತೆರೆಯಲಿ. "ಅರ್ಧ ಕೆ.ಜಿ. ಪೇಡೆ ರೇಟ್ ನೋಡಿ ನಮಗ ಫೋನ್ ಹಚ್ರಿ" ಎಂದು ಹೇಳಿ ಸುಮ್ಮನೆ ಕೂಡಿ. ಈ ಸುಮ್ಮನೆ ಕೂಡುವುದೇ ಕಷ್ಟ. ಮಾಲೀಕರಿಗೆ ತಡೆಯಲು ಆಗುವುದಿಲ್ಲ. "ಅಲ್ಲೈತಿ ನೋಡ್ರಿ, ಮ್ಯಾಲೆ, ಮ್ಯಾಲೆ!" ಎಂದು ಬಾಯಿ ಹಾಕುತ್ತಾರೆ. ನೋಡುವವರು ಎಲ್ಲಿ ನಿಂತರು, ಯಾವುದನ್ನು ಒತ್ತಿ ಹಿಂದೆ ಬಂದರು, ಅಷ್ಟನ್ನು ಬರೆದುಕೊಳ್ಳಿ. "ಹೆಂಗೈತ್ರಿ?" ಎಂದು ಕೇಳಬೇಡಿ. "ಭಾಳ ಚೊಲೋ ಐತ್ರಿ" ಎಂದೇ ಹೇಳುತ್ತಾರೆ, ನಮ್ಮ ಮಂದಿ ಮನಸ್ಸು ನೋಯಿಸುವವರಲ್ಲ.

ಕಡೆಗೆ ಕಾಗದಪತ್ರದ ಮಾತು. ವೆಬ್‌ಸೈಟಿನ ಹೆಸರು, ಅಂದರೆ ಡೊಮೇನ್, ಯಾರ ಹೆಸರಿನಲ್ಲಿ ನೋಂದಣಿ ಆಗಿದೆ ಎಂದು ಇವತ್ತೇ ವಿಚಾರಿಸಿ. ಬಹಳ ಕಡೆ ಅದು ವೆಬ್‌ಸೈಟ್ ಮಾಡಿಕೊಟ್ಟವರ ಖಾತೆಯಲ್ಲೇ ಇರುತ್ತದೆ. ಅವರು ಊರು ಬಿಟ್ಟರೆ, ಫೋನ್ ಎತ್ತದಿದ್ದರೆ ನಿಮ್ಮ ಹೆಸರು ನಿಮಗೆ ಸಿಗುವುದಿಲ್ಲ. ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ನಂಬರ್‌ನಲ್ಲಿ ಇರಬೇಕು. ಅದನ್ನು ಕೊಂಡುಬಿಟ್ಟೆವು ಎಂದು ತಿಳಿಯಬೇಡಿ, ಅದು ಬಾಡಿಗೆ ಇದ್ದಂತೆ, ಅವಧಿ ಮುಗಿದಾಗಲೆಲ್ಲ ಹಣ ಕಟ್ಟಬೇಕು. ಒಮ್ಮೆಗೆ ಹತ್ತು ವರ್ಷದವರೆಗೆ ಕಟ್ಟಬಹುದು. ಮರೆತು ಬಿಟ್ಟುಹೋದರೆ ಬೇರೆಯವರು ತೆಗೆದುಕೊಂಡು ಜೂಜಿನ ಜಾಹೀರಾತು ಹಾಕುತ್ತಾರೆ. ಶಾಲೆಯ ಹಳೆಯ ವಿಳಾಸ ಒತ್ತಿದವರಿಗೆ ರಮ್ಮಿ ಆಟ ಕಂಡರೆ ಹೇಗಿರುತ್ತದೆ, ಹೇಳಿ.

ವಿಳಾಸದ ಮುಂದೆ ಬೀಗದ ಭದ್ರತೆ, ಎಸ್‌ಎಸ್‌ಎಲ್ ಎನ್ನುತ್ತಾರಲ್ಲ, ಅದು ಇಲ್ಲದಿದ್ದರೆ 2018ರ ಜುಲೈನಿಂದ ಕ್ರೋಮ್ "ಸುರಕ್ಷಿತವಲ್ಲ" ಎಂದು ತೋರಿಸುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಅದಕ್ಕೆಂದೇ ಯಾರಾದರೂ ಪ್ರತಿ ವರ್ಷ ಸಾವಿರಾರು ರೂಪಾಯಿ ಕೇಳಿದರೆ, ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ವೆಬ್‌ಸೈಟನ್ನು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಮಾಡಿಸಿದ್ದರೆ ಅದರ ಅಪ್‌ಡೇಟ್‌ಗಳನ್ನು ಹಾಕುತ್ತಿರಬೇಕು, ಬ್ಯಾಕಪ್ ಬೇರೆ ಕಡೆ ಇಡಬೇಕು. ಮುಗಿದುಹೋದ ಪ್ರವೇಶ ಪ್ರಕಟಣೆ, ಹೋದ ದೀಪಾವಳಿಯ ರಿಯಾಯಿತಿ, ಬದಲಾದ ನಂಬರ್, ಇವನ್ನು ತೆಗೆಯಲು ತಿಂಗಳಿಗೆ ಅರ್ಧ ಗಂಟೆ ಸಾಕು. ಅದು ಯಾರ ಕೆಲಸ ಎಂದು ಒಬ್ಬರ ಹೆಸರು ಗೊತ್ತುಮಾಡಿ.

ಪಾಸ್‌ವರ್ಡ್‌ಗಳು, ನೋಂದಣಿಯ ರಸೀದಿ, ಮುಂದಿನ ಹಣ ಕಟ್ಟುವ ತಾರೀಖು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಯ ಲೈಸೆನ್ಸ್, ಜಿಎಸ್‌ಟಿ ಕಾಗದ ಇಡುವ ಫೈಲಿನಲ್ಲೇ ಇಡಿ. ಆ ಫೈಲ್ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿರಿ.

ನಮಸ್ಕಾರ.