ಕಸಬರಿಗೆಯ ಪಾಳಿ

(ಜರ್ಮನಿಗೆ ಓದಲು ಹೊರಟ ವಿದ್ಯಾರ್ಥಿಗಳಿಗಾಗಿ ಧಾರವಾಡದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ವೀಸಾ, ಬ್ಯಾಂಕ್ ಖಾತೆ, ಇನ್ಶೂರೆನ್ಸ್ ಎಲ್ಲ ಬೆಳಗಿನ ಗೋಷ್ಠಿಯಲ್ಲಿ ಮುಗಿದಿವೆ. ನಾನು ಅದರಾಚೆಯ ಒಂದು ಮಾತು ಹೇಳಲು ಬಂದಿದ್ದೇನೆ.

ನೀವು ಅಕ್ಟೋಬರಿನಲ್ಲಿ ಹೋಗಿ ಇಳಿಯುತ್ತೀರಿ. ನವೆಂಬರ್ ಮುಗಿಯುವಷ್ಟರಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಆ ಕತ್ತಲಲ್ಲಿ ರೂಮಿಗೆ ಬಂದು, ಕುಕ್ಕರ್ ಇಟ್ಟು, ಅವ್ವನಿಗೆ ವಿಡಿಯೊ ಕಾಲ್ ಮಾಡಿ ಮಲಗಿಬಿಡುವ ನಮ್ಮ ಹುಡುಗ ಹುಡುಗಿಯರನ್ನು ಸ್ಟಟ್‌ಗಾರ್ಟ್‌ನಲ್ಲಿ ಎಂಟು ವರ್ಷ ಕಂಡಿದ್ದೇನೆ. ಎರಡು ವರ್ಷ ಇದ್ದು ಡಿಗ್ರಿ ತಗೊಂಡು ಬಂದರು, ಎದುರು ಬಾಗಿಲಿನವರ ಹೆಸರು ಗೊತ್ತಿಲ್ಲ. ಅದು ನನಗೆ ಬಹಳ ಸಂಕಟದ ವಿಷಯ. ‘ಜರ್ಮನರು ಬಿಗಿ ಜನ, ಬೆರೆಯುವುದಿಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಬೆರೆಯುತ್ತಾರೆ, ಆದರೆ ನಮ್ಮ ಹಾಗೆ ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷ ಮಾತಾಡಿ ‘ಮನೀಗೆ ಬರ್ರಿ’ ಅನ್ನುವುದಿಲ್ಲ. ಅಲ್ಲಿ ಗೆಳೆತನ ಪಾಳಿಯ ಮೇಲೆ ಬರುತ್ತದೆ. ಹಳ್ಳಿಯಲ್ಲಿ ನೀರಿಗೆ ಪಾಳಿ ಹಚ್ಚುತ್ತೇವಲ್ಲ, ಅದೇ ಪಾಳಿ.

ಹೇಗೆ ಅಂತ ಹೇಳುತ್ತೇನೆ. ನಾನು ಹೋದ ಮೊದಲನೇ ತಿಂಗಳು, ಒಂದು ಸೋಮವಾರ, ಬಾಗಿಲಿನ ಹಿಡಿಕೆಗೆ ಒಂದು ಹಲಗೆ ತೂಗುಬಿದ್ದಿತ್ತು. ಅದರ ಮೇಲೆ ‘ಕೇರ್‌ವೋಖೆ’ ಎಂದು ಬರೆದಿತ್ತು. ಯಾರೋ ತಪ್ಪಿ ಹಾಕಿದ್ದಾರೆಂದು ಅದನ್ನು ಎದುರಿನ ಬಾಗಿಲಿಗೆ ಹಾಕಿ ಕೆಲಸಕ್ಕೆ ಹೋದೆ. ಸಂಜೆ ಹಲಗೆ ಮತ್ತೆ ನನ್ನ ಬಾಗಿಲಿಗೇ ಬಂದಿತ್ತು. ಮಂಗಳವಾರ ಮತ್ತೆ ಎದುರಿಗೆ ಹಾಕಿದೆ, ಮತ್ತೆ ಬಂತು. ಬುಧವಾರ ಗಂಟೆ ಬಾರಿಸಿತು. ಎಪ್ಪತ್ತು ದಾಟಿದ ಹಿರಿಯ ಹೆಣ್ಣುಮಗಳು, ಬಟ್ಟೆ ಹೊಲಿದು ಜೀವನ ಮಾಡಿದವರು, ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದರಲ್ಲಿ ಬಕೆಟ್ಟು. ಬೈಯಲಿಲ್ಲ. ‘ಬನ್ನಿ’ ಎಂದು ಕರೆದರು.

ಕೇರ್‌ವೋಖೆ ಎಂದರೆ ಗುಡಿಸುವ ವಾರ. ಸ್ಟಟ್‌ಗಾರ್ಟ್ ಸುತ್ತಿನ ಸ್ವೇಬಿಯನ್ ಸೀಮೆಯಲ್ಲಿ ಅದು ಹಳೆಯ ಪದ್ಧತಿ. ಮನೆಯ ಮುಂದಿನ ಕಸವನ್ನು ವಾರವಾರ ಸಾಗಿಸಬೇಕೆಂದು 1492ರ ಊರಿನ ಕಟ್ಟಳೆಯಲ್ಲೇ ಇತ್ತು. ಹಲಗೆ ಯಾರ ಬಾಗಿಲಿಗಿದೆಯೋ ಆ ವಾರ ಮೆಟ್ಟಿಲು ಅವರ ಪಾಲಿಗೆ. ದೊಡ್ಡ ಪಾಳಿ ಬಂದರೆ ಮನೆಯ ಮುಂದಿನ ಕಾಲುದಾರಿಯೂ ಸೇರುತ್ತದೆ. ಆಕೆ ಮೇಲಿನ ಮೆಟ್ಟಿಲಿನಿಂದ ಶುರು ಮಾಡಿ, ಮೂಲೆ ಹೇಗೆ ಗುಡಿಸಬೇಕು, ಒದ್ದೆ ಬಟ್ಟೆ ಎಷ್ಟು ಹಿಂಡಬೇಕು, ಎಲ್ಲ ತೋರಿಸಿದರು. ನನಗೆ ಬರುತ್ತಿದ್ದ ನಾಲ್ಕು ಮಾತಿನ ಜರ್ಮನ್‌ನಲ್ಲಿ ಹೇಳಿದೆ: ನಮ್ಮ ಅವ್ವ ದಿನಾ ಮುಂಜಾನೆ ಅಂಗಳ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕುತ್ತಾಳೆ. ಆಕೆ ನಿಂತುಬಿಟ್ಟರು. ‘ದಿನಾ? ವಾರಕ್ಕೊಮ್ಮೆ ಅಲ್ಲ, ದಿನಾ?’ ಆ ಕ್ಷಣದಿಂದ ನಮ್ಮ ಅವ್ವನ ಮೇಲೆ ಅವರಿಗೆ ಹುಟ್ಟಿದ ಗೌರವ ಕೊನೆತನಕ ಇಳಿಯಲಿಲ್ಲ. ಮುಂದಿನ ದೀಪಾವಳಿಗೆ ನನ್ನ ಬಾಗಿಲ ಮುಂದೆ ಸುಣ್ಣದ ಕಡ್ಡಿಯಿಂದ ರಂಗೋಲಿ ಬರೆದೆ. ಬಂದು, ಬಗ್ಗಿ, ಚುಕ್ಕಿ ಎಣಿಸಿದರು. ‘ತುಂಬಾ ಚೆಂದ’ ಅಂದರು. ಆಮೇಲೆ ಮೆಲ್ಲಗೆ ಕೇಳಿದರು: ‘ಒರೆಸುವುದು ಯಾವಾಗ?’

(ಸಭೆಯಲ್ಲಿ ನಗು)

ನಗಬೇಡಿ, ಅದು ಪ್ರೀತಿಯ ಪ್ರಶ್ನೆ. ಅವರಲ್ಲಿ ಒಂದು ಗಾದೆಯೇ ಇದೆ: ಬೈಯದಿದ್ದರೆ ಹೊಗಳಿದ ಹಾಗೆ. ನನ್ನನ್ನು ಬಾಯಿಬಿಟ್ಟೇ ಹೊಗಳಿದ್ದರು!

ಆಕೆ ನನ್ನನ್ನು ಕರೆಯುತ್ತಿದ್ದುದು ‘ಝೀ’ ಎಂದು, ಅಂದರೆ ನೀವು. ಹತ್ತಿರದವರಿಗೆ ‘ಡೂ’, ನೀನು. ಇಂಗ್ಲಿಷಿನಲ್ಲಿ ಈ ಭೇದ ಇಲ್ಲದ್ದರಿಂದ ಇಂಗ್ಲಿಷ್ ಮಾತಾಡಿಕೊಂಡೇ ಇರುವವರಿಗೆ ಇದು ಅರ್ಥವಾಗುವುದಿಲ್ಲ. ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ದೇವರಿಗೆ ನೀನು ಅನ್ನುತ್ತೇವೆ, ಅವ್ವನಿಗೆ ನೀನು ಅನ್ನುತ್ತೇವೆ. ಅವರೂ ದೇವರಿಗೆ ‘ಡೂ’ ಎಂದೇ ಅನ್ನುತ್ತಾರೆ. ಆದರೆ ‘ನೀನು ಅನ್ನು’ ಎಂದು ಹಿರಿಯರೇ ಮೊದಲು ಹೇಳಬೇಕು, ಕಿರಿಯರು ಕಾಯಬೇಕು. ಎರಡು ಚಳಿಗಾಲ ಮೆಟ್ಟಿಲು ಗುಡಿಸಿದ ಮೇಲೆ, ಒಂದು ಶನಿವಾರ ಆಕೆ ಸೇಬಿನ ರಸದ ಎರಡು ಗ್ಲಾಸು ತಂದು, ಕಣ್ಣಲ್ಲಿ ಕಣ್ಣಿಟ್ಟು ಗ್ಲಾಸು ತಾಗಿಸಿ, ತಮ್ಮ ಮೊದಲ ಹೆಸರು ಹೇಳಿದರು. ಇನ್ನು ಮುಂದೆ ‘ಡೂ’. ಈ ಕೈಗೆ ಡಿಗ್ರಿ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಪಾಳಿ, ಪಾಳಿ ಅನ್ನುತ್ತಿದ್ದೇನೆ. ಎಲ್ಲರಿಗೂ ಕೇರ್‌ವೋಖೆ ಸಿಗುವುದಿಲ್ಲ, ಹಾಸ್ಟೆಲಿನಲ್ಲಿ ಇರುತ್ತೀರಿ. ಹಾಗಾದರೆ ಫೆರೈನ್ ಹಿಡಿಯಿರಿ. ಫೆರೈನ್ ಎಂದರೆ ಸಂಘ. ಅಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಹಾಗೆ ನೋಂದಣಿಯಾದವು ಆ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚಿವೆ. ಹಾಡುವವರದು, ಜೇನು ಸಾಕುವವರದು, ಚದುರಂಗದವರದು. 1888ರಲ್ಲಿ ಹುಟ್ಟಿದ ಸ್ವೇಬಿಯನ್ ಆಲ್ಬ್ ಫೆರೈನ್ ಎಂಬ ಚಾರಣಿಗರ ಸಂಘಕ್ಕೆ ಊರೂರಲ್ಲಿ ಶಾಖೆಗಳಿವೆ. ಗುಡ್ಡ ಹತ್ತಲು ಕರೆದುಕೊಂಡು ಹೋಗುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗಿ. ಮೊದಲ ದಿನ ಯಾರೂ ಮಾತಾಡಿಸುವುದಿಲ್ಲ, ಬೇಸರ ಬೇಡ. ಮೂರನೇ ಸಲ ‘ಹೋದ ಸಲ ಯಾಕೆ ಬರಲಿಲ್ಲ?’ ಎಂದು ಯಾರಾದರೂ ಕೇಳಿದರೆ ತಿಳಿಯಿರಿ, ಪಾಳಿಯಲ್ಲಿ ನಿಮ್ಮ ಹೆಸರು ಸೇರಿದೆ.

ಚೀಟಿ ಬಂತು, ಐದೇ ನಿಮಿಷವಂತೆ. ಬರೆದುಕೊಂಡು ಬಂದ ಇನ್ನೊಂದು ಪುಟ ಬಿಡುತ್ತೇನೆ. ಕಿಟ್ಟೆಲ್ ಅವರ ಮಾತು ಮಾತ್ರ ಬಿಡಲಾರೆ, ಧಾರವಾಡದಲ್ಲಿ ನಿಂತು ಬಿಡುವುದಾದರೂ ಹೇಗೆ? 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ನಿಮ್ಮದೇ ವಯಸ್ಸಿನಲ್ಲಿ, ಅವರು ಈ ಕಡೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟು ತೆಗೆದು ನೋಡಿ, ಶಬ್ದದ ಪಕ್ಕದಲ್ಲಿ ಗಾದೆ ಕೂತಿರುತ್ತದೆ. ಗಾದೆ ಗ್ರಂಥಾಲಯದಲ್ಲಷ್ಟೇ ಸಿಗುವುದಿಲ್ಲ, ಕಟ್ಟೆಯ ಮೇಲೆ, ಬಾವಿಯ ಹತ್ತಿರ ಸಿಗುತ್ತದೆ. ಅವರು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಸ್ಟಟ್‌ಗಾರ್ಟ್‌ನಿಂದ ರೈಲಿನಲ್ಲಿ ಹೆಚ್ಚೆಂದರೆ ಒಂದು ತಾಸು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಅವರು ಹುಟ್ಟಿದ ಬ್ರಾಕನ್‌ಹೈಮ್ ಕೂಡ ಅದೇ ಸೀಮೆ. ಒಂದು ರವಿವಾರ ಹೋಗಿ ಬನ್ನಿ. ಎದುರುಮನೆಯವರನ್ನೂ ಕರೆದುಕೊಂಡು ಹೋಗಿ. ನಾನು ಆಕೆಯನ್ನು ಟ್ಯೂಬಿಂಗನ್‌ಗೆ ಕರೆದುಕೊಂಡು ಹೋಗಿದ್ದೆ. ‘ನಮ್ಮ ಜನ ನಿಮ್ಮ ಭಾಷೆಗೆ ಇಷ್ಟು ದುಡಿದದ್ದು ನಮಗೇ ಗೊತ್ತಿಲ್ಲವಲ್ಲ’ ಎಂದು ದಾರಿಯುದ್ದಕ್ಕೂ ಹಲುಬಿದರು.

ಕನ್ನಡ ಸಂಘಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ, ಹೋಳಿಗೆ ತಿನ್ನಿ, ಎರಡು ಹೋಳಿಗೆ ಕಟ್ಟಿಸಿಕೊಂಡು ಬಂದು ಎದುರುಬಾಗಿಲಿಗೂ ಕೊಡಿ. ಹುಟ್ಟಿದಹಬ್ಬದ ಕೇಕು ಅಲ್ಲಿ ನಾವೇ ಆಫೀಸಿಗೆ ಒಯ್ಯಬೇಕು, ಅದಕ್ಕೂ ಹೋಳಿಗೆ ನಡೆಯುತ್ತದೆ. ರವಿವಾರ ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ, ಗಾಜಿನ ಬಾಟಲಿ ಎಸೆಯಬೇಡಿ, ಅದು ಸದ್ದಿಲ್ಲದ ದಿನ.

ಊರಿಗೆ ಹೊರಡುವ ವಾರ ಹಲಗೆ ನನ್ನ ಬಾಗಿಲಲ್ಲೇ ಇತ್ತು. ಸೂಟ್‌ಕೇಸ್ ಕಟ್ಟಿಟ್ಟು ಮೆಟ್ಟಿಲು ಗುಡಿಸಿದೆ. ಆಕೆ ಮೇಲಿನ ಮೆಟ್ಟಿಲ ಮೇಲೆ ಕೂತು ಕೊನೆತನಕ ನೋಡಿದರು. ಒಂದು ಮೂಲೆಯನ್ನೂ ತೋರಿಸಲಿಲ್ಲ. ಆಮೇಲೆ ಹಲಗೆಯನ್ನು ನಾನೇ ಅವರ ಬಾಗಿಲಿಗೆ ಹಾಕಿದೆ.

ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿದ್ದೀಯಲ್ಲ ತಂಗಿ, ಕೇಳವ್ವ.