ಮಿಂಟ್ ರೋಡಿನಲ್ಲಿ ಅಪ್ಪಯ್ಯನ ಜೊತೆ

ನೀವೀಗ ನೋಡ್ತಾ ಇರೋದು ಮುಂಬೈಯ ಫೋರ್ಟ್, ಮಿಂಟ್ ರೋಡ್. ಮುಂದೆ ನಡೀತಿರೋರು ನಮ್ಮ ಅಪ್ಪಯ್ಯ. ಕುಂದಾಪುರದಿಂದ ಬಂದು ಇಲ್ಲೇ ಹತ್ತಿರದ ಉಡುಪಿ ಹೋಟೆಲಲ್ಲಿ ಸಪ್ಲೈಯರ್ ಆಗಿದ್ರು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ.

1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನ ಮುಂಬೈಯಿಂದ ವಿಮಾನದಲ್ಲಿ ಹೊರಗೆ ಕಳಿಸ್ತು. ಅದನ್ನ ಅಡವಿಟ್ಟು ತಂದದ್ದು ಸುಮಾರು 40 ಕೋಟಿ ಡಾಲರ್. ವರ್ಷಗಟ್ಟಲೆ ಮಾಡಿದ ಸಾಲ ದೇಶದ ತಲೆ ಮೇಲಿತ್ತು, ಕೊಲ್ಲಿ ಯುದ್ಧದಿಂದ ತೈಲದ ಬಿಲ್ಲು ಬೇರೆ ಏರಿತ್ತು. ಕೈಯಲ್ಲಿದ್ದ ಡಾಲರು ಎರಡು-ಮೂರು ವಾರದ ಆಮದಿಗೆ ಸಾಲೋಷ್ಟೇ. ಆ ತಿಂಗಳ ಮೊದಲ ವಾರದಲ್ಲೇ ಎರಡು ಸಲ ರೂಪಾಯಿ ಮೌಲ್ಯ ಇಳಿಸಿದ್ರು. 21 ರೂಪಾಯಿ ಇದ್ದ ಡಾಲರು 26ರ ಹತ್ರ ಹೋಯ್ತು.

ಈ ಲೆಕ್ಕ ಪುಸ್ತಕದಲ್ಲಿ ಸಿಗುತ್ತೆ. ನಾನು ಕೇಳಿದ್ದು, "ಅಪ್ಪಯ್ಯ, ಆಗ ನಿಮಗೇನಾಯ್ತು?"

"ಸಂಬ್ಳ ಇದ್ದಲ್ಲೇ ಇದ್ದಿತ್, ಮಗಾ. ಸಾಮಾನಿನ ಕ್ರಯ ಮಾತ್ರ ಏರ್ತಾ ಹೋಯ್ತ್."

ಜುಲೈ 24ರ ಬಜೆಟ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಮನಮೋಹನ್ ಸಿಂಗ್ ಅಡುಗೆ ಗ್ಯಾಸಿನ ಬೆಲೆ ಏರಿಸಿದ್ರು. ರಸಗೊಬ್ಬರದ್ದು ಸರಾಸರಿ ಶೇ 40 ಅಂತ ಹೇಳಿ, ವಿರೋಧ ಬಂದ ಮೇಲೆ 30ಕ್ಕೆ ಇಳಿಸಿದ್ರು. ಊರಲ್ಲಿ ನಮ್ಮದು ಚೂರು ಗದ್ದೆ. ಗೊಬ್ಬರಕ್ಕೆ ದುಡ್ಡು ಸಾಲ್ತಿಲ್ಲ, ಮನಿಯಾರ್ಡರು ಸ್ವಲ್ಪ ಹೆಚ್ಚು ಮಾಡು ಅಂತ ಅಜ್ಜಿ ಯಾರ ಕೈಲೋ ಕಾಗದ ಬರೆಸಿದ್ರಂತೆ. ಹೆಚ್ಚು ಮಾಡೋಕೆ ಇದ್ದದ್ದು ಒಂದೇ ದಾರಿ, ರಾತ್ರಿ ಡ್ಯೂಟಿ. ಅಪ್ಪಯ್ಯ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ರು.

2022ರಲ್ಲಿ ಶ್ರೀಲಂಕಾದ ಸುದ್ದಿ ಓದುವಾಗ ನನಗೆ ಇದೇ ನೆನಪಾದದ್ದು. ಡಾಲರಿಲ್ಲದೆ ಕಾಗದ ತರಿಸೋಕಾಗದೆ ಅಲ್ಲಿ ಮಕ್ಕಳ ಪರೀಕ್ಷೆಗಳನ್ನೇ ಮುಂದೂಡಿದ್ರು. ಆಮೇಲೆ ಬೆಲೆ ಇಳಿಯುತ್ತೆ, ಕರೆಂಟು ಬರುತ್ತೆ, ಪೆಟ್ರೋಲಿನ ಕ್ಯೂ ಕರಗುತ್ತೆ. ಆ ವರ್ಷ ಓದು ಬಿಟ್ಟ ಮಕ್ಕಳಲ್ಲಿ ಎಷ್ಟು ಜನ ತಿರುಗಿ ಬೆಂಚಿಗೆ ಬಂದ್ರು ಅನ್ನೋ ಯೋಚನೆ ನನ್ನನ್ನ ಬಿಡೋದಿಲ್ಲ. ನಮ್ಮ ಮನೆಯಲ್ಲಿ ಬರಲಿಲ್ಲ. ಅಕ್ಕನ ಫೀಸು, ನನ್ನ ಫೀಸು ಅಂತ ಅಪ್ಪಯ್ಯನ ಓದಿಗೆ ಸರದಿಯೇ ಸಿಗಲಿಲ್ಲ.

ಅಪ್ಪಯ್ಯ ನಿಂತ್ರು ನೋಡಿ. ಎದುರಿನ ಕಟ್ಟಡದ ಎರಡನೇ ಮಾಳಿಗೆ ತೋರಿಸ್ತಿದ್ದಾರೆ.

"ಅಗಾ, ಆ ಎಡಗಡೆ ಕಿಟಕಿ. ಗಣಿತದ ಮೇಷ್ಟ್ರು ಅಲ್ಲೇ ನಿಂತು ಹೇಳಿಕೊಡ್ತಿದ್ರ್."